ಕೈಯ ಮೇಲಿನ ಸಾಳುವ, ಕಾಲಬಳಿಯ ನಾಯಿ

ಚರಿತ್ರೆಯೆಂದರೆ ಕೋಟೆಗಳ ಮತ್ತು ಕಾಳಗಗಳ ಕತೆಯೆಂದೇ ನಾವು ಬಹುಕಾಲದಿಂದ ನಂಬಿಕೊಂಡು ಬಂದವರು. ಕಾಸರಗೋಡಿನ ಕನ್ನಡಿಗನಿಗೆ ಮೊದಲು ನೆನಪಾಗುವುದು ಕೆಳದಿ ನಾಯಕರ ಬೇಕಲ ಕೋಟೆ, ಚಂದ್ರಗಿರಿ ಕೋಟೆ. ಆ ಬಳಿಕ ೧೯೫೬ರ ನವೆಂಬರ್ ಒಂದು. ಇವುಗಳ ನಡುವೆ ಬದುಕಿದ ಮಂದಿ ಯಾವ ಯಾವ ವಿದ್ಯೆಗಳನ್ನು ಬಲ್ಲವರಾಗಿದ್ದರು, ಅವಕ್ಕೆ ನಮ್ಮ ನುಡಿ ಏನು ಹೆಸರಿಟ್ಟಿತ್ತು ಎಂಬುದನ್ನು ವಿಚಾರಿಸಿದವರು ಕಡಿಮೆ. ಅಂಥ ಒಂದು ವಿದ್ಯೆಯನ್ನು ಕುರಿತು ನಾಲ್ಕು ಮಾತು ಬರೆಯುತ್ತೇನೆ. ಪಳಗಿಸಿದ ಗಿಡುಗನನ್ನೂ ಎಳೆಯ ನಾಯಿಯನ್ನೂ ಕಟ್ಟಿಕೊಂಡು ಆಡುವ ಹಕ್ಕಿಬೇಟೆ ಅದು.

ಇದಕ್ಕೊಂದು ನಿಮಿತ್ತವಿದೆ. ನಮ್ಮ ಜಿಲ್ಲೆಯಲ್ಲಿ ಕೊಲ್ಲಿ ನಾಡಿಗೆ ದುಡಿಯಲು ಹೋದವರಿಲ್ಲದ ಊರು ಅಪರೂಪ. ಸಂಯುಕ್ತ ಅರಬ್ ಸಂಸ್ಥಾನದ ಲಾಂಛನದಲ್ಲೇ ಬೇಟೆಯ ಗಿಡುಗವಿದೆ. ಯುನೆಸ್ಕೊ ೨೦೧೦ರಲ್ಲಿ ಈ ವಿದ್ಯೆಯನ್ನು ಮಾನವಕುಲದ ಪರಂಪರೆಯೆಂದು ದಾಖಲಿಸಿಕೊಂಡಾಗ ಅದನ್ನು ತಮ್ಮದೆಂದು ಮುಂದಿಟ್ಟ ೧೧ ದೇಶಗಳಲ್ಲಿ ಅದೂ ಒಂದು. ಭಾರತ ಆ ಸಾಲಿನಲ್ಲಿರಲಿಲ್ಲ. ರಜೆಯಲ್ಲಿ ಬಂದಿದ್ದ ನನ್ನ ಅಕ್ಕನ ಮಗ, "ಇದೆಲ್ಲ ಅರಬರದ್ದೇ ಅಲ್ವಾ ಮಾವ? ನಮ್ಮಲ್ಲಿ ಎಲ್ಲಿತ್ತು?" ಎಂದು ಕೇಳಿದ. ಇತ್ತು. ಎಲ್ಲಿತ್ತೆಂದು ಹೇಳುವುದು ನನ್ನಂಥವರ ಕರ್ತವ್ಯ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು ೧೧೨೯ರಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ವಿನೋದಗಳಿಗೆ ಮೀಸಲಾದ ನಾಲ್ಕನೆಯ ವಿಂಶತಿಯಲ್ಲಿ ನಾಯಿಗಳ ಸಾರಮೇಯವಿನೋದವೂ ಇದೆ, ಗಿಡುಗಗಳ ಶ್ಯೇನವಿನೋದವೂ ಇದೆ. ಇಂದಿನ ಬೀದರ್ ಜಿಲ್ಲೆಯಲ್ಲಿ ರಾಜಧಾನಿಯಿದ್ದ ಅರಸನೊಬ್ಬ ಇದನ್ನು ಶಾಸ್ತ್ರವೆಂದು ಬಗೆದು ಬರೆಯುವಷ್ಟು ಬಳಕೆ ಆಗ ಇತ್ತೆಂಬುದು ಸ್ಪಷ್ಟ. ಬಡಗಣ ಕುಮಾವೂಂನ ರುದ್ರದೇವನ 'ಶ್ಯೈನಿಕಶಾಸ್ತ್ರ'ವನ್ನು ಹರಪ್ರಸಾದ ಶಾಸ್ತ್ರಿಗಳು ೧೯೧೦ರಲ್ಲಿ ಕಲ್ಕತ್ತೆಯಿಂದ ಪ್ರಕಟಿಸಿದರು. ನಮ್ಮ ಸೋಮೇಶ್ವರನದು ಅದಕ್ಕಿಂತ ಹಳೆಯದು.

ಇನ್ನು ಮಾತಿಗೆ ಬರೋಣ. ಕನ್ನಡದಲ್ಲಿ ಗಿಡುಗ, ಡೇಗೆ, ಸಾಳುವ ಎಂಬ ಮೂರು ಹೆಸರುಗಳಿವೆ. ಸಾಳುವವೆಂದರೆ ಬೇಟೆಗೆ ಬಳಸುವ ಗಿಡುಗವೆಂದು ನಿಘಂಟುಕಾರರು ಹೇಳುತ್ತಾರೆ. ೧೪೮೫ರಲ್ಲಿ ವಿಜಯನಗರದ ಸಿಂಹಾಸನವನ್ನೇರಿದ ಸಾಳುವ ನರಸಿಂಹನ ಮನೆತನದ ಹೆಸರು ಇದೇ. ಗುಂಡರ್ಟರ ಮಲಯಾಳ ನಿಘಂಟು ೧೮೭೨ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು ೧೮೯೪ರಲ್ಲಿ, ಎರಡೂ ಮಂಗಳೂರಿನಲ್ಲೇ ಅಚ್ಚಾದವು. ನಮ್ಮ ಅಡಿಕೆ ತೋಟಗಳಲ್ಲಿ ಇಂದಿಗೂ ಸುಳಿಯುವ ಸಣ್ಣ ಗಿಡುಗ, ಹಿಂದೂಸ್ತಾನಿಯ ಶಿಕ್ರ, ನೆರೆಮನೆಯ ಮಲಯಾಳಿಗಳಿಗೆ 'ಪ್ರಾಪ್ಪಿಡಿಯನ್', ಎಂದರೆ ಪಾರಿವಾಳ ಹಿಡಿಯುವವ. ಒಂದೇ ಹಕ್ಕಿಯನ್ನು ಎರಡು ನುಡಿಗಳು ನೋಡಿದ ಬಗೆ ಇದು.

ಗಿಡುಗನನ್ನು ಪಳಗಿಸುವವನಿಗೆ ಮೊದಲು ಬೇಕಾದದ್ದು ತಾಳ್ಮೆ. ಬೇಟೆಗಾರರು ಕರಿಗಣ್ಣಿನವು, ಹಳದಿಗಣ್ಣಿನವು ಎಂದು ಎರಡು ಪಂಗಡ ಮಾಡುತ್ತಿದ್ದರು. ಕರಿಗಣ್ಣಿನವು ಎತ್ತರದಿಂದ ಎರಗುವವು. ಹಳದಿಗಣ್ಣಿನವು ಕೈಯಿಂದ ನೇರವಾಗಿ ಬೆನ್ನಟ್ಟುವವು. ಎರಡರಲ್ಲೂ ಹೆಣ್ಣೇ ದೊಡ್ಡದು, ಬಲಶಾಲಿ. ಹಿಡಿದ ಹಕ್ಕಿಯ ಕಾಲಿಗೆ ತೊಗಲ ಪಟ್ಟಿ, ಗೆಜ್ಜೆ. ಗಾಬರಿಯಾಗದಂತೆ ತಲೆಗೆ ಕುಲಾವಿ. ಅದನ್ನು ರಾತ್ರಿಯಿಡೀ ಮುಷ್ಟಿಯ ಮೇಲೆ ಕುಳ್ಳಿರಿಸಿಕೊಂಡು ಎಚ್ಚರವಿರಬೇಕು. ಕೈಯ ಮೇಲೆ ಉಣ್ಣಲು ಕಲಿತ ಮೇಲೆ ಉದ್ದದ ದಾರ ಕಟ್ಟಿ ಒಂದು ಮಾರು, ಹತ್ತು ಮಾರು, ಐವತ್ತು ಮಾರು ದೂರದಿಂದ ಕರೆಯಬೇಕು. ಕೊನೆಗೊಂದು ದಿನ ದಾರ ಬಿಚ್ಚಬೇಕು. ಹೊಟ್ಟೆ ತುಂಬಿದ ಗಿಡುಗ ಮರಳಿ ಬಾರದು, ತೀರ ಹಸಿದದ್ದು ಹಾರಲಾರದು. ಈ ಎರಡರ ನಡುವಿನ ಹದವನ್ನು ಎದೆಯೆಲುಬಿನ ಮೇಲಿನ ಮಾಂಸವನ್ನು ಬೆರಳಿನಿಂದ ಮುಟ್ಟಿ ತಿಳಿಯುತ್ತಿದ್ದರು. ಶಿಕ್ರ ಬೇಗ ಪಳಗುವ ಹಕ್ಕಿ. ಅದನ್ನು ಅಂಗೈಯಲ್ಲಿ ಹಿಡಿದು ಲಾವುಗೆ ಎದ್ದೊಡನೆ ಚೆಂಡಿನಂತೆ ಎಸೆಯುವ ಕ್ರಮವೂ ಇತ್ತು. ದೊಡ್ಡ ಗಿಡುಗಗಳಿಗೆ ಆಹಾರ ಒದಗಿಸಲಿಕ್ಕೂ ಅದನ್ನು ಸಾಕುತ್ತಿದ್ದರು.

ಆದರೆ ಗೌಜಲಹಕ್ಕಿ ಹುಲ್ಲಿನಲ್ಲಿ ಅಡಗಿ ಕುಳಿತರೆ ಗಿಡುಗನ ಕಣ್ಣೂ ಸೋಲುತ್ತದೆ. ಅಲ್ಲಿ ನಾಯಿಯ ಮೂಗು ಬೇಕು. ಮುಧೋಳದ ನಾಯಿಯಂತೆ ಕಂಡ ಮೊಲವನ್ನು ಬೆನ್ನಟ್ಟುವ ಜಾತಿಯಿಂದ ಈ ಕೆಲಸ ಆಗದು. ವಾಸನೆ ಹಿಡಿದು ಸಾಗಿ, ಹಕ್ಕಿಯ ಬಳಿ ನಿಂತು, ಹೇಳಿದಾಗ ಮಾತ್ರ ಎಬ್ಬಿಸುವ ನಾಯಿ ಬೇಕು. ಅದು ಎಳೆಯದಾಗಿರುವಾಗಲೇ ಗಿಡುಗನ ಎದುರಿನಲ್ಲಿ ಅದಕ್ಕೆ ಅನ್ನ ಹಾಕುತ್ತ ಬಂದರೆ ಇಬ್ಬರ ಅಂಜಿಕೆಯೂ ಹೋಗುತ್ತದೆ. ಬೇಟೆ ನೆಲಕ್ಕೆ ಬಿದ್ದಾಗ ಗಿಡುಗ ರೆಕ್ಕೆ ಹರಡಿ ಅದನ್ನು ಮುಚ್ಚಿಕೊಳ್ಳುತ್ತದೆ. ಆಗ ನಾಯಿ ಮುಂದೆ ನುಗ್ಗದೆ ಕುಳಿತಿರಬೇಕು. ಬೆನ್ನಟ್ಟುವ ಆಸೆಯಿಂದ ಮೈಯೆಲ್ಲ ನಡುಗುತ್ತಿರುವ ಮರಿಗೆ ಕುಳಿತಿರಲು ಕಲಿಸುವುದೇ ಈ ವಿದ್ಯೆಯ ಕಷ್ಟದ ಭಾಗ. ಬೇಟೆಗಾರನು ಮೆಲ್ಲನೆ ಬಂದು, ಮಾಂಸದ ತುಣುಕೊಂದನ್ನು ಗಿಡುಗಕ್ಕೆ ಕೊಟ್ಟು, ಬಿದ್ದ ಹಕ್ಕಿಯನ್ನು ಬಿಡಿಸಿಕೊಳ್ಳುತ್ತಾನೆ. ಗಿಡುಗ ಗುಲಾಮನಲ್ಲ, ಲಾಭ ಕಂಡರೆ ಮಾತ್ರ ಮರಳುವ ಪಾಲುದಾರ.

ನಾಯಿಯನ್ನು ಕನ್ನಡಿಗರು ಎಷ್ಟು ಗೌರವಿಸಿದರೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲೇ ಸಾಕ್ಷಿ. ಕ್ರಿ.ಶ. ೯೪೯-೫೦ರ ಶಾಸನವದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ಮೇಲಿನ ಯುದ್ಧದಲ್ಲಿ ಕಾದಿದ ಮಣಲೆರನಿಗೆ ಒಡೆಯನು ಮೆಚ್ಚಿ, ಬೇಕಾದದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಲ್ಲು ನೆಟ್ಟು, ಭೂಮಿ ಬಿಟ್ಟು, ಅದನ್ನು ಪೂಜಿಸದೆ ಗೊರವನು ಉಣ್ಣಬಾರದೆಂದು ವಿಧಿಸಿದರು. ನಮ್ಮ ತೆಂಕಣ ನೆರೆಯಲ್ಲಿ, ಪರಶ್ಶಿನಿಕ್ಕಡವಿನ ಮುತ್ತಪ್ಪನ ಸನ್ನಿಧಿಯಲ್ಲಿ ನಾಯಿಗೆ ಇಂದಿಗೂ ಮಾನ್ಯತೆಯಿದೆ. ಬೇಟೆಗಾರ ದೈವಕ್ಕೆ ನಾಯಿ ಜತೆಗಾರ. ಗಡಿಯನ್ನು ೧೯೫೬ರಲ್ಲಿ ಗೆರೆಯೆಳೆದು ಗುರುತಿಸಿದರು. ಈ ಭಾವನೆಗೆ ಮಾತ್ರ ಗೆರೆ ಬೀಳಲಿಲ್ಲ.

ಆದರೆ ಒಂದು ಮಾತು ನನ್ನನ್ನು ಕಾಡುತ್ತದೆ. ಬಿಜಾಪುರದ ಚಿತ್ರದಲ್ಲಿ ಗಿಡುಗನನ್ನು ಹಿಡಿದ ಇಬ್ರಾಹಿಂ ಆದಿಲಶಾಹನ ಹೆಸರು ಉಳಿಯಿತು. ಕಲ್ಲಿನ ಮೇಲೆ ನಾಯಿಯ ಹೆಸರೂ ಉಳಿಯಿತು. ರಾತ್ರಿಯಿಡೀ ನಿದ್ದೆಗೆಟ್ಟು ಹಕ್ಕಿಯನ್ನು ಕೈಯ ಮೇಲೆ ಹೊತ್ತವನ ಹೆಸರು, ಮರಿಗೆ ಅನ್ನ ಹಾಕಿ ಕುಳಿತಿರಲು ಕಲಿಸಿದವನ ಹೆಸರು ಎಲ್ಲೂ ಉಳಿಯಲಿಲ್ಲ. ಅವನಿಂದ ನಮಗೆ ಬಂದದ್ದು ಅವನ ಮಾತುಗಳು ಮಾತ್ರ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಗಿಡುಗನನ್ನು ಹಿಡಿಯುವುದನ್ನೂ ಸಾಕುವುದನ್ನೂ ನಿಷೇಧಿಸಿದೆ. ಅದು ಸರಿಯೇ; ಆ ಬೇಟೆ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಕನ್ನಡವೆಂದರೆ ಅಡುಗೆಮನೆಯಲ್ಲೂ ಭಜನೆಯಲ್ಲೂ ಮಾತ್ರ ಉಳಿಯುವ ನುಡಿಯೆಂದು ನಮ್ಮ ಮಕ್ಕಳು ತಿಳಿಯುವ ಕಾಲ ಇದು. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಬೇಕೇ ಎಂಬ ಚರ್ಚೆ ಮನೆಮನೆಯಲ್ಲಿ ನಡೆದಿದೆ. ತೋಟದ ಮೇಲೆ ಶಿಕ್ರ ಹಾರಿದಾಗ ಮಗುವಿಗೆ ಡೇಗೆ, ಸಾಳುವ, ಪ್ರಾಪ್ಪಿಡಿಯನ್ ಎಂಬ ಮೂರೂ ಹೆಸರುಗಳನ್ನು ಹೇಳಿಕೊಡಲು ಯಾವ ಸರಕಾರದ ಅಪ್ಪಣೆಯೂ ಬೇಡ.