ಕೂದಲೊಳಗೆ ಕೂದಲಾಗಿ

ಚಿಕ್ಕಮಗಳೂರಿನಿಂದ ಕೈಮರ ದಾಟಿ ಬಾಬಾಬುಡನ್‌ಗಿರಿಗೆ ಹತ್ತುವ ದಾರಿಯಲ್ಲಿ ಅತ್ತಿಗುಂಡಿ ಇದೆ. ಕೆಳಗೆ ಕಾಫಿ ತೋಟ, ಮೇಲೆ ಹುಲ್ಲುಗುಡ್ಡ, ನಡುವೆ ಬಿಡುವಿಲ್ಲದ ಗಾಳಿ. ಬೆಂಗಳೂರಿನಿಂದ ಬಂದ ಹೆಣ್ಣುಮಕ್ಕಳು ಹೊನ್ನಮ್ಮನ ಹಳ್ಳದ ಹತ್ತಿರ ಫೋಟೊಗೆ ನಿಂತರೆ ಒಂದು ಕೈ ಸದಾ ತಲೆಯ ಮೇಲೆಯೇ. ಅದೇ ರಸ್ತೆಯಲ್ಲಿ ತೋಟದ ಕೆಲಸ ಮುಗಿಸಿ ಬರುವ ಹೆಂಗಸರ ತುರುಬು ಬೆಳಗ್ಗೆ ಕಟ್ಟಿದ ಹಾಗೆಯೇ ಇರುತ್ತದೆ. ಅದನ್ನು ಏನು ಹಿಡಿದಿದೆ ಎಂದು ಹುಡುಕಿದರೆ ಬೇಗ ಸಿಗುವುದಿಲ್ಲ. ಎರಡು ಕಪ್ಪು ಪಿನ್ನು, ಒಂದು ಕಪ್ಪು ಬಲೆ, ವಯಸ್ಸಾದವರಾದರೆ ಒಳಗೊಂದು ತುಂಡು ಚೌರಿ. ಎಲ್ಲವೂ ಕೂದಲಿನ ಬಣ್ಣಕ್ಕೆ ತಿರುಗಿ ಕೂದಲಿನೊಳಗೇ ಕೂತಿವೆ.

ತಲೆಯ ಅಲಂಕಾರದ ಬಗ್ಗೆ ನಮ್ಮಲ್ಲಿ ಬರೆದವರೆಲ್ಲ ಕಾಣುವುದರ ಬಗ್ಗೆಯೇ ಬರೆದಿದ್ದಾರೆ: ನಾಗರಜಡೆ, ರಾಗಟೆ, ಜಡೆಬಿಲ್ಲೆ, ಬೈತಲೆ ಬೊಟ್ಟು, ಮೊಗ್ಗಿನ ಜಡೆ. ಅದು ನ್ಯಾಯವೇ. ಚಿನ್ನ ಹೊಳೆಯುತ್ತದೆ, ಮಗಳ ಪಾಲಿಗೆ ಹೋಗುತ್ತದೆ, ಪತ್ರದಲ್ಲಿ ನಮೂದಾಗುತ್ತದೆ. ಆದರೆ ಚಿನ್ನದ ಜಡೆಬಿಲ್ಲೆ ತಾನಾಗಿ ತಲೆಯ ಮೇಲೆ ನಿಲ್ಲುವುದಿಲ್ಲ. ಅದಕ್ಕೆ ಬುಡದಲ್ಲಿ ಒಂದು ಕಪ್ಪು ದಾರ ಬೇಕು, ಜಡೆ ಸಣಕಲಾದರೆ ಚೌರಿ ಬೇಕು. ಕಾಣಿಸಿಕೊಳ್ಳದೆ ಇರುವುದನ್ನೇ ಕೆಲಸ ಮಾಡಿಕೊಂಡ ಈ ಸಾಮಾನುಗಳಿಗೂ ಒಂದು ವಿನ್ಯಾಸದ ಚರಿತ್ರೆ ಇದೆ. ನನ್ನ ಲೆಕ್ಕದಲ್ಲಿ ಕಷ್ಟದ ವಿನ್ಯಾಸ ಅದೇ.

ಮಲೆನಾಡಿನ ಮಟ್ಟಿಗೆ ಇದರ ಮೊದಲ ಪಾಠ ಹೂವಿನದು. ಮಳೆಗಾಲದ ಹೊಸ್ತಿಲಲ್ಲಿ ಮರಗಳ ಮೇಲೆ ಸೀತಾಳೆ ಅರಳುತ್ತದೆ. ಅದರ ಗೊಂಚಲು ಹುಟ್ಟುವಾಗಲೇ ದಂಡೆಯ ಆಕಾರದಲ್ಲಿರುತ್ತದೆ, ಕಟ್ಟುವ ಕೆಲಸವೇ ಇಲ್ಲ. ಡೇರೆ ಹೂವಾದರೆ ತೊಟ್ಟು ಸಿಕ್ಕಿಸಿದರೆ ಮುಗಿಯಿತು. ಸುರಗಿ, ಅಬ್ಬಲಿಗೆ, ಮಲ್ಲಿಗೆಗಳನ್ನು ಮಾತ್ರ ಕಟ್ಟಬೇಕು, ಕಟ್ಟುತ್ತಿದ್ದದ್ದು ಬಾಳೆ ನಾರಿನಲ್ಲಿ. ನೀರಲ್ಲಿ ನೆನೆಸಿ ಸೀಳಿದ ನಾರು ಒಣಗಿದ ಮೇಲೆ ಕಂದು ಬಣ್ಣಕ್ಕೆ ಬಂದು, ಎಣ್ಣೆಗೂದಲ ನಡುವೆ ಎಲ್ಲಿದೆ ಎಂದು ತಿಳಿಯದ ಹಾಗಾಗುತ್ತದೆ. ಹತ್ತಿಯ ಬಿಳಿ ದಾರದಲ್ಲಿ ಕಟ್ಟಿದ ಇವತ್ತಿನ ಅಂಗಡಿಯ ಮಾಲೆಯನ್ನು ಅದರ ಪಕ್ಕ ಇಟ್ಟು ನೋಡಿ. ಹೂ ಬಾಡಿದ ಮೇಲೆ ತಲೆಯಲ್ಲಿ ಉಳಿಯುವುದು ಬರೀ ದಾರ, ಅದೂ ದೂರದಿಂದಲೇ ಕಾಣುವ ದಾರ.

ಇನ್ನೊಂದು ಸಂಗತಿ. ಮತ್ತಿ ಸೊಪ್ಪು, ದಾಸವಾಳದ ಸೊಪ್ಪು ಕಿವುಚಿ ಗೊಂಪು ಮಾಡಿ ತಲೆಗೆ ಸ್ನಾನ ಮಾಡುವ ಮನೆಗಳಲ್ಲಿ ಕೂದಲು ನುಣುಪಾಗಿ ಜಾರುತ್ತದೆ. ಜಾರುವ ಕೂದಲನ್ನು ಹಿಡಿಯುವುದಕ್ಕೆ ಹಳಬರು ಹೊಸ ವಸ್ತು ಹುಡುಕಲಿಲ್ಲ. ಕೂದಲಿನ ಒಂದು ಎಳೆಯನ್ನೇ ಎಳೆದು ತುರುಬಿನ ಬುಡಕ್ಕೆ ಸುತ್ತಿ, ತುದಿಯನ್ನು ಒಳಗೆ ತುರುಕಿದರು. ಕೂದಲಿಗೆ ಕೂದಲಿನಷ್ಟು ಹೊಂದುವ ಬಣ್ಣ ಬೇರೆ ಯಾವುದಿದೆ?

ಚಿಕ್ಕಮಗಳೂರಿಗೆ ಹತ್ತಿರದ ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಬಹುದು. ಬಳಪದ ಕಲ್ಲಿನಲ್ಲಿ ಕೂದಲಿಗೂ ಒಡವೆಗೂ ಒಂದೇ ಬಣ್ಣ. ಎಲ್ಲಿ ಕೂದಲು ಮುಗಿಯಿತು, ಎಲ್ಲಿ ಒಡವೆ ಶುರುವಾಯಿತು ಎಂದು ಹೇಳುವುದು ಉಳಿಯ ಗೀರು ಮಾತ್ರ. ದರ್ಪಣಸುಂದರಿಯ ಮುಂದೆ ನಿಂತವರು ಕನ್ನಡಿ ನೋಡುತ್ತಾರೆ, ತುರುಬಿನ ಹಿಂದಕ್ಕೆ ಹೋಗುವವರು ಕಡಿಮೆ.

ಈಗ ಚೌರಿಗೆ ಬರೋಣ, ಏಕೆಂದರೆ ಈ ಚರಿತ್ರೆಯ ನಿಜವಾದ ನಾಯಕಿ ಅವಳೇ. ತಲೆ ಬಾಚಿದಾಗ ಉದುರಿದ ಕೂದಲನ್ನು ನಮ್ಮ ಅಜ್ಜಿಯರು ಎಸೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿಯಲ್ಲೋ ಹೆಂಚಿನ ಕೆಳಗೋ ಸಿಕ್ಕಿಸುತ್ತಿದ್ದರು. ಮಾಟ ಮಾಡುವವರ ಕೈಗೆ ಸಿಗದಿರಲಿ ಎಂಬ ಭಯ ಒಂದು ಕಡೆ, ಪಿನ್ನು ಸೂಜಿ ಮಾರುತ್ತ ಬರುವ ಅಲೆಮಾರಿ ಹೆಂಗಸಿಗೆ ಕೊಟ್ಟರೆ ಏನಾದರೂ ಸಿಗುತ್ತದೆ ಎಂಬ ಆಸೆ ಇನ್ನೊಂದು ಕಡೆ. ಆ ಉಂಡೆಯ ಸಿಕ್ಕು ಬಿಡಿಸಿ, ಸೀಗೆಕಾಯಿಯಲ್ಲಿ ತೊಳೆದು, ಉದ್ದಕ್ಕೆ ಎಳೆದು ಜೋಡಿಸಿ, ಮೇಲ್ತುದಿಯನ್ನು ಕಪ್ಪು ದಾರದಲ್ಲಿ ಬಿಗಿದರೆ ಚೌರಿ. ಒಳ್ಳೆಯ ಚೌರಿಗೆ ಮೂರು ಕಾಲು. ಜಡೆ ಹೆಣೆಯುವಾಗ ತಲೆಯ ಮೂರು ಎಳೆಗೂ ಒಂದೊಂದು ಕಾಲು ಸೇರುತ್ತದೆ, ಹಾಗಾಗಿ ಜೋಡಣೆ ಒಂದೇ ಕಡೆ ಉಬ್ಬುವುದಿಲ್ಲ. ಈ ಮೂರು ಕಾಲಿನ ಉಪಾಯ ಯಾರ ತಲೆಗೆ ಹೊಳೆಯಿತೋ, ಅವಳ ಹೆಸರು ಯಾವ ಶಾಸನದಲ್ಲೂ ಇಲ್ಲ. ಆದರೆ ಭಾರವನ್ನು ಹಂಚಿ ಜೋಡಣೆಯನ್ನು ಮುಚ್ಚುವ ಈ ತತ್ವವೇ ಇವತ್ತು ಸಲೂನುಗಳಲ್ಲಿ ಸಾವಿರಾರು ರೂಪಾಯಿಗೆ ಹಾಕುವ ಎಕ್ಸ್‌ಟೆನ್ಷನ್ನಿನಲ್ಲೂ ನಡೆಯುತ್ತಿದೆ.

ಮನೆಯ ಚೌರಿಗೆ ಇನ್ನೊಂದು ಗುಣವಿತ್ತು. ಅದು ಆಕೆಯ ಕೂದಲಿನಿಂದಲೇ ಆದದ್ದು. ಮೂವತ್ತರಲ್ಲಿ ಉದುರಿದ್ದು ಐವತ್ತರಲ್ಲಿ ಜಡೆಗೆ ವಾಪಸ್ಸು ಬರುತ್ತಿತ್ತು. ಬಣ್ಣ ಹೊಂದುವ ಪ್ರಶ್ನೆಯೇ ಇಲ್ಲ, ನರೆ ಬರುವ ತನಕ.

ತಲೆಗೂದಲನ್ನು ಕಟ್ಟಿ ನಂಬಿಸುವ ಕೆಲಸವನ್ನು ಮನೆಯ ಹೊರಗೆ ಕಲೆಯಾಗಿ ಬೆಳೆಸಿದವರು ರಂಗದವರು. ಕಳಸ, ಮೂಡಿಗೆರೆ, ಶೃಂಗೇರಿ ಕಡೆಗೆ ಘಟ್ಟ ಹತ್ತಿ ಬರುವ ಯಕ್ಷಗಾನ ಮೇಳಗಳಲ್ಲಿ ಹೆಣ್ಣು ವೇಷ ಕಟ್ಟುತ್ತಿದ್ದವರು ಗಂಡಸರು. ತೆಂಕಿನ ಕೋಳ್ಯೂರು ರಾಮಚಂದ್ರ ರಾಯರ, ಬಡಗಿನ ಮಂಟಪ ಪ್ರಭಾಕರ ಉಪಾಧ್ಯರ ಸ್ತ್ರೀವೇಷ ನೋಡಿದವರಿಗೆ ಜಡೆಯ ಬಳುಕು ಅಭಿನಯದ ಎಷ್ಟು ದೊಡ್ಡ ಪಾಲು ಎಂದು ಹೇಳಬೇಕಿಲ್ಲ. ಗ್ಯಾಸ್‌ಲೈಟಿನ ಹಳದಿ ಬೆಳಕಿನಲ್ಲಿ ಚೌರಿಯ ಸಣ್ಣಪುಟ್ಟ ದೋಷ ಮುಚ್ಚಿಹೋಗುತ್ತಿತ್ತು. ವಿದ್ಯುತ್ ದೀಪ ಬಂದ ಮೇಲೆ ಅದೇ ಚೌರಿಯ ಹೊಳಪು ಬೇರೆ, ತಲೆಯ ಹೊಳಪು ಬೇರೆ ಎಂದು ಮುಂದಿನ ಸಾಲಿನವರಿಗೆ ಗೊತ್ತಾಗತೊಡಗಿತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳಿಗೂ ಇದೇ ಪಾಡು. 1934ರ ‘ಸತಿ ಸುಲೋಚನಾ’ದಿಂದ ಕನ್ನಡಕ್ಕೆ ಮಾತಿನ ಚಿತ್ರ ಬಂದಿತು, ಕ್ಯಾಮೆರಾ ಹಣೆಯ ಅಂಚಿಗೇ ಬಂದು ನಿಂತಿತು. ಸಣ್ಣ ಬಲೆಯ ಮೇಲೆ ಒಂದೊಂದೇ ಕೂದಲನ್ನು ಸೂಜಿಯಿಂದ ಗಂಟು ಹಾಕುವ ವಿಗ್ಗಿನ ವಿದ್ಯೆ ಜಗತ್ತಿನಲ್ಲೆಲ್ಲ ಬೆಲೆ ಪಡೆದದ್ದು ಸಿನಿಮಾದಿಂದ. ಇಡೀ ವಿಗ್ಗಿನಲ್ಲಿ ತುಂಬ ಶ್ರಮ ಹಣೆಯ ಮೇಲಿನ ಒಂದಂಗುಲಕ್ಕೇ ಹೋಗುತ್ತದೆ.

ಪಿನ್ನಿನ ಕತೆ ಹೊರಗಿನದು. 1920ರ ದಶಕದಲ್ಲಿ ಅಮೆರಿಕ, ಯುರೋಪಿನ ಹೆಂಗಸರು ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಾಗ ಉದ್ದದ ಎರಡು ಕಾಲಿನ ಹಳೆಯ ಪಿನ್ನು ಕೆಲಸಕ್ಕೆ ಬಾರದೆ ಹೋಯಿತು. ಆಗ ಬಂದದ್ದು ಎರಡು ಕಾಲೂ ಒತ್ತಿಕೊಂಡ ಬಾಬಿ ಪಿನ್ನು. ಅದರ ಒಂದು ಕಾಲು ನೇರ, ಇನ್ನೊಂದು ಅಲೆಅಲೆ. ಅಲೆಯ ಕಾಲು ಬುರುಡೆಯ ಕಡೆಗಿರಬೇಕು, ಹಿಡಿತ ಅದರಲ್ಲಿರುವುದು. ನಮ್ಮಲ್ಲಿ ಮುಕ್ಕಾಲು ಪಾಲು ಮಂದಿ ತಿರುವು ಹಾಕಿ ಸಿಕ್ಕಿಸಿ, ಪಿನ್ನು ಜಾರುತ್ತದೆ ಎಂದು ಬೈಯುತ್ತಾರೆ. ಅದೇ ಕತ್ತರಿ ಚೀನಾದ ಶಾಂಡಾಂಗ್ ಪ್ರಾಂತದ ಹಳ್ಳಿಗಳ ಹೊಟ್ಟೆಗೂ ಬಿತ್ತು. ಅಲ್ಲಿನ ಹೆಂಗಸರು ಮನುಷ್ಯರ ಕೂದಲಿನಿಂದಲೇ, ತಲೆಯ ಮೇಲೆ ಹಾಕಿದರೆ ಕಾಣದಂಥ ಬಲೆ ಹೆಣೆದು ಪಶ್ಚಿಮಕ್ಕೆ ಕಳಿಸುತ್ತಿದ್ದರು. ಕೂದಲು ಗಿಡ್ಡವಾದಾಗ ಬಲೆ ಯಾರಿಗೂ ಬೇಡವಾಯಿತು. ನಮ್ಮ ಸಂತೆಗಳ ಕಪ್ಪು ನೈಲಾನ್ ಬಲೆ ಆ ಕೂದಲ ಬಲೆಯ ಬಡ ಮೊಮ್ಮಗಳು.

ನೈಲಾನು ಬಂದದ್ದು ಚೌರಿಗೂ ಗಂಡಾಂತರ. ಜಪಾನಿನ ಕನೆಕಾಲಾನ್ ಎಂಬ ಕೃತಕ ಎಳೆ 1957ರಲ್ಲಿ ಬಂತು, ಕೂದಲಿಗೆ ಬದಲು ಅದೇ ಸಾಕು ಎನ್ನುವಷ್ಟು ಬೆಳೆಯಿತು. ಅದರಲ್ಲಿ ಒಳ್ಳೆಯದು ಬೆಂಕಿಗೆ ಬೇಗ ಹೊತ್ತಿಕೊಳ್ಳುವುದಿಲ್ಲ, ಹೊಳಪೂ ಹದ. ನಮ್ಮ ಜಾತ್ರೆಗೆ ಬಂದದ್ದು ಆ ಒಳ್ಳೆಯದಲ್ಲ. ಶಾಯಿಯಷ್ಟು ಕಪ್ಪಗೆ, ಬಿಸಿಲಿಗೆ ನೀಲಿಯಾಗಿ ಮಿಂಚುವ ನೈಲಾನ್ ಚೌರಿ ಬಂತು. ಕಡಿಮೆ ಬೆಲೆಗೆ ಉದ್ದ ಜಡೆ ಸಿಗುವಾಗ ಗೋಡೆಯ ಸಂದಿಯ ಉಂಡೆಯನ್ನು ಯಾರು ತೊಳೆಯುತ್ತಾರೆ?

ಆದರೆ ಆ ಉಂಡೆಗೆ ಬೆಲೆ ಹೋಗಲಿಲ್ಲ. ಅದು ಊರು ಬಿಟ್ಟು ಹೋಗತೊಡಗಿತು, ಅಷ್ಟೆ. 1960ರ ದಶಕದ ನಡುಭಾಗದಲ್ಲಿ ಅಮೆರಿಕ ಚೀನಾದ ಕೂದಲಿನ ಮೇಲೆ ನಿಷೇಧ ಹೇರಿತು, ವಿಗ್ಗಿನ ವ್ಯಾಪಾರಿಗಳು ಬೇರೆ ದೇಶಗಳ ಕಡೆಗೆ ತಿರುಗಿದರು. ತಿರುಮಲದ ಕಲ್ಯಾಣಕಟ್ಟೆಯಲ್ಲಿ, ನಮ್ಮ ಮಲೆ ಮಹದೇಶ್ವರ ಬೆಟ್ಟದಲ್ಲಿ ಭಕ್ತರು ಕೊಟ್ಟ ಮುಡಿ ಹರಾಜಿಗೆ ಹೋಗುತ್ತದೆ. 2004ರಲ್ಲಿ ಒಂದು ವಿಚಿತ್ರ ನಡೆಯಿತು. ದೇವರಿಗೆ ಮುಡಿ ಕೊಟ್ಟ ಕೂದಲಿನ ವಿಗ್ಗನ್ನು ತೊಡಬಾರದೆಂದು ಇಸ್ರೇಲಿನ ಯಹೂದಿ ಧರ್ಮಗುರುಗಳು ತೀರ್ಪು ಕೊಟ್ಟರು. ಜೆರುಸಲೇಮಿನಲ್ಲಿ, ನ್ಯೂಯಾರ್ಕಿನಲ್ಲಿ ಹೆಂಗಸರು ಬೆಲೆಬಾಳುವ ವಿಗ್ಗುಗಳನ್ನು ಬೀದಿಗೆ ತಂದು ಸುಟ್ಟರು. ತಲೆಯ ಮೇಲೆ ಇಷ್ಟು ಚೆನ್ನಾಗಿ ಬೆರೆತದ್ದು ಎಲ್ಲಿಂದ ಬಂತು ಎಂದು ಅಲ್ಲಿಯವರೆಗೆ ಅವರು ಕೇಳಿಕೊಂಡಿರಲಿಲ್ಲ.

ಕರ್ನಾಟಕದಲ್ಲಿ ಈ ಉದ್ಯಮದ ಊರು ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ. ಮುಡಿಯ ಕೂದಲಿಗಿಂತ ಬಾಚಿ ಬಿದ್ದ ಕೂದಲೇ ಅಲ್ಲಿ ಹೆಚ್ಚು. ಹಳ್ಳಿ ಹಳ್ಳಿ ತಿರುಗಿ ಪಾತ್ರೆಗೋ ಪಿನ್ನಿಗೋ ಕೊಂಡ ಉಂಡೆಗಳು ಚೀಲಗಳಲ್ಲಿ ಬಂದು ಬೀಳುತ್ತವೆ. ಹೆಂಗಸರು ಕೂತು ಸಿಕ್ಕು ಬಿಡಿಸುತ್ತಾರೆ, ನರೆಗೂದಲನ್ನು ಹೆಕ್ಕಿ ಬೇರೆ ಮಾಡುತ್ತಾರೆ, ಕಬ್ಬಿಣದ ಹಲ್ಲಿನ ಹಣಿಗೆಯಲ್ಲಿ ಎಳೆದು ಅಳತೆಗೆ ತಕ್ಕಂತೆ ಕಟ್ಟು ಕಟ್ಟುತ್ತಾರೆ. ಇಲ್ಲಿ ಒಂದು ತಾಂತ್ರಿಕ ತೊಡಕಿದೆ. ಕೂದಲಿನ ಮೈಮೇಲೆ ಬುಡದಿಂದ ತುದಿಯ ಕಡೆಗೆ ಮುಖ ಮಾಡಿದ ಸೂಕ್ಷ್ಮ ಪದರಗಳಿವೆ, ಮನೆಯ ಹೆಂಚಿನ ಸಾಲಿನಂತೆ ಒಂದರ ಮೇಲೊಂದು. ತಲೆಯಿಂದ ಕತ್ತರಿಸಿದ ಮುಡಿಯಲ್ಲಿ ಎಲ್ಲ ಪದರಗಳೂ ಒಂದೇ ದಿಕ್ಕಿಗಿರುತ್ತವೆ. ಉಂಡೆಯ ಕೂದಲಿನಲ್ಲಿ ಬುಡ ತುದಿ ಕಲಸಿಹೋಗಿ, ಪದರಕ್ಕೆ ಪದರ ಸಿಕ್ಕಿಕೊಂಡು ಗಂಟಾಗುತ್ತದೆ. ಅದನ್ನು ಸರಿಪಡಿಸಲು ಕಾರ್ಖಾನೆಗಳಲ್ಲಿ ಆಮ್ಲದಲ್ಲಿ ಅದ್ದಿ ಪದರವನ್ನೇ ತೆಗೆದು, ಮೇಲೆ ಸಿಲಿಕೋನ್ ಸವರುತ್ತಾರೆ. ಹೊಸದರಲ್ಲಿ ರೇಷ್ಮೆಯ ಹಾಗಿದ್ದದ್ದು ಕೆಲವು ಸ್ನಾನಕ್ಕೆ ಒರಟಾಗುವುದು ಇದರಿಂದ.

ಮುಖ್ಯ ವಿಷಯವೆಂದರೆ ಭಾಗ್ಯನಗರದಿಂದ ಹೊರಗೆ ಹೋಗುವುದರಲ್ಲಿ ಹೆಚ್ಚಿನದು ಕಚ್ಚಾ ಸರಕು. ಬೆಲೆ ಹುಟ್ಟುವ ಕೆಲಸ, ಅಂದರೆ ಬಲೆಗೆ ಕಟ್ಟುವುದು, ಬಣ್ಣ ಹೊಂದಿಸುವುದು, ಕ್ಲಿಪ್ಪಿಗೆ ಹೊಲಿಯುವುದು, ನಡೆಯುವುದು ಚೀನಾದಲ್ಲಿ. ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಮನುಷ್ಯರ ಕೂದಲಿನ ರಫ್ತನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಕಚ್ಚಾ ಕೂದಲು ಕಳ್ಳದಾರಿ ಹಿಡಿಯುವುದು ತಪ್ಪಲಿ, ಕೆಲಸ ಇಲ್ಲೇ ಉಳಿಯಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ತಡೆಯಿಂದ ಕುಶಲತೆ ಹುಟ್ಟುವುದಿಲ್ಲ, ಅದನ್ನು ಕಲಿಸಬೇಕು.

ಕೂದಲಿನಲ್ಲಿ ಬೆರೆಯುವ ವಸ್ತುವನ್ನು ವಿನ್ಯಾಸ ಮಾಡುವವರು ಮೂರು ಸಂಗತಿ ಗೆಲ್ಲಬೇಕು: ಬಣ್ಣ, ಹೊಳಪು, ಹಿಡಿತ. ಎಲ್ಲರೂ ಬಣ್ಣದಿಂದ ಶುರುಮಾಡಿ ಅಲ್ಲೇ ನಿಲ್ಲುತ್ತಾರೆ. ನಮ್ಮ ಕೂದಲು ಕಪ್ಪು, ಆದ್ದರಿಂದ ಪಿನ್ನೂ ಕಪ್ಪು. ಆದರೆ ನಮ್ಮ ಕೂದಲು ಕಪ್ಪಲ್ಲ. ಬಿಸಿಲಿಗೆ ಹಿಡಿದರೆ ಕಡುಕಂದು, ಮೂರು ಹೊತ್ತೂ ಬಯಲಲ್ಲಿ ದುಡಿಯುವವರ ತುದಿಗೂದಲು ಕೆಂಚು. ಬಣ್ಣ ಒಂದು ಛಾಯೆ ತಪ್ಪಿದರೆ ಕಣ್ಣು ಕ್ಷಮಿಸುತ್ತದೆ, ಹೊಳಪು ತಪ್ಪಿದರೆ ಕ್ಷಮಿಸುವುದಿಲ್ಲ. ಫಳಫಳಿಸುವ ಬಣ್ಣ ಬಳಿದ ಪಿನ್ನು ಮಂಕು ಕೂದಲಿನಲ್ಲಿ ಎದ್ದು ಕಾಣುತ್ತದೆ, ಮ್ಯಾಟ್ ಲೇಪದ ಕಂದು ಪಿನ್ನು ಮುಳುಗಿಹೋಗುತ್ತದೆ. ಕಾಫಿ ಗಿಡದ ಕಟ್ಟಿಗೆಯಲ್ಲಿ ತುರುಬಿನ ಕಡ್ಡಿ ಮಾಡಬಹುದಲ್ಲ ಎಂದು ನಮ್ಮ ಕಡೆಯವರಿಗೆ ಅನ್ನಿಸುವುದು ಸಹಜ. ಆದರೆ ಆ ಕಟ್ಟಿಗೆ ತೀರ ಬಿಳಿಚು, ಕೂದಲಿನಲ್ಲಿ ಕಡ್ಡಿಯಾಗಿಯೇ ಕಾಣುತ್ತದೆ. ಬೀಟೆಯ ಬಣ್ಣ ಹೇಳಿ ಮಾಡಿಸಿದಂತಿದೆ, ಮರಕ್ಕೆ ಕೈ ಹಾಕುವ ಹಾಗಿಲ್ಲ. ನಯ ಮಾಡಿದ ತೆಂಗಿನ ಚಿಪ್ಪು ಇವೆರಡಕ್ಕಿಂತ ವಾಸಿ: ಕಡುಕಂದು, ಹಗುರ, ಬೇಕಾದಷ್ಟು ಸಿಗುತ್ತದೆ.

ಈ ಕ್ಷೇತ್ರದ ದೊಡ್ಡ ಕೊರತೆ ಬೇರೆ ಕಡೆ ಇದೆ. ಯಾರ ಕೂದಲಿನಲ್ಲಿ ಬೆರೆಯಬೇಕು ಎಂಬ ಪ್ರಶ್ನೆಗೆ ನಮ್ಮ ಮಾರುಕಟ್ಟೆ ಒಂದೇ ಉತ್ತರ ಇಟ್ಟುಕೊಂಡಿದೆ: ಕಪ್ಪು, ನೇರ, ದಟ್ಟ, ಇಪ್ಪತ್ತೈದರ ಕೂದಲು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಣ್ಣುಮಗಳ ಗುಂಗುರು ಕೂದಲಿಗೆ ಹೊಂದುವ ಚೌರಿ ಯಾವ ಫ್ಯಾನ್ಸಿ ಸ್ಟೋರಿನಲ್ಲಿದೆ? ಚಿಕಿತ್ಸೆಗೆ ಕೂದಲು ಕಳೆದುಕೊಂಡವರಿಗೆ ಸಿಗುವ ಕಡಿಮೆ ಬೆಲೆಯ ವಿಗ್ಗು ಮದುವೆಮನೆಯ ಅಲಂಕಾರದ ಹಾಗಿರುತ್ತದೆ, ತಮ್ಮ ಹಳೆಯ ತಲೆಯ ಹಾಗಲ್ಲ. ಇನ್ನು ಎಲ್ಲರಿಗಿಂತ ದೊಡ್ಡ ಗುಂಪು, ನರೆತವರದು. ಬೆಳ್ಳಿಗೂದಲಿನ ತುರುಬಿನಲ್ಲಿ ನಾಲ್ಕು ಕಪ್ಪು ಪಿನ್ನು, ಸುತ್ತ ಒಂದು ಕಪ್ಪು ಬಲೆ. ಕಾಣದಿರಲಿ ಎಂದು ಮಾಡಿದ ಸಾಮಾನು ಅಲ್ಲಿ ತಲೆಗಿಂತ ಮೊದಲು ಕಾಣುತ್ತದೆ. ಭಾಗ್ಯನಗರದಲ್ಲಿ ಹೆಕ್ಕಿ ಬೇರೆ ಮಾಡುವ ನರೆಗೂದಲಿನಿಂದಲೇ ಬೂದು ಬಣ್ಣದ ಚೌರಿ ಕಟ್ಟಬಹುದು, ಸಂತೆಯ ಬೆಲೆಗೇ ಬೂದು ಲೇಪದ ಪಿನ್ನು ಕೊಡಬಹುದು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ.

ಬೆಂಗಳೂರಿನ ನಿಫ್ಟ್‌ನಲ್ಲಿ ಓದುವ ಮಕ್ಕಳಿಗೆ, ಅವರ ಮೇಷ್ಟ್ರುಗಳಿಗೆ ನನ್ನದೊಂದು ಬೇಡಿಕೆ. ಮುಂದಿನ ಪ್ರಾಜೆಕ್ಟಿಗೆ ಇನ್ನೊಂದು ಮದುಮಗಳ ಜಡೆ ಬೇಡ. ಕೊಪ್ಪಳಕ್ಕೆ ಹೋಗಿ ಕೂದಲು ವಿಂಗಡಿಸುವ ಹೆಂಗಸರ ಜೊತೆ ಕೂತು ಕೆಲಸ ಕಲಿಯಿರಿ, ಆಮೇಲೆ ಮೊದಲು ನರೆಗೂದಲಿಗೆ ಹೊಂದುವ ಒಂದು ಪಿನ್ನು ಮಾಡಿ.