ಸಟ್ಟುಗದ ಅಳತೆ: ಅನ್ನರಕ್ಷಣೆಯ ಒಂದು ಇತಿಹಾಸ

ಉಡುಪಿಯ ಶ್ರೀಕೃಷ್ಣನನ್ನು ನಮ್ಮ ಹಿರಿಯರು ಅನ್ನಬ್ರಹ್ಮನೆಂದು ಕರೆದರು. ಅಲ್ಲಿಯ ಅನ್ನದಾನ ಲೋಕಪ್ರಸಿದ್ಧ. ಅದರ ಹಿಂದಿರುವ ಲೆಕ್ಕಾಚಾರವನ್ನು ಗಮನಿಸಿದವರು ಮಾತ್ರ ವಿರಳ. ಮೊದಲು ಅಷ್ಟಮಠಗಳ ಯತಿಗಳು ಎರಡೆರಡು ತಿಂಗಳು ಸರದಿಯಂತೆ ಕೃಷ್ಣಪೂಜೆ ನಡೆಸುತ್ತಿದ್ದರು. ಶ್ರೀವಾದಿರಾಜತೀರ್ಥರು ಈ ಅವಧಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿದರು. 1522ರಿಂದ ಆ ಕ್ರಮ ನಡೆದುಬಂದಿದೆ. ಎರಡು ವರ್ಷ ಬಂದವರಿಗೆಲ್ಲ ಊಟವಿಕ್ಕುವ ಹೊಣೆ ಸಾಮಾನ್ಯವಾದುದಲ್ಲ. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಪರ್ಯಾಯಕ್ಕೆ ಬಹಳ ಮುಂಚೆಯೇ ಸಿದ್ಧತೆ ಆರಂಭವಾಗುತ್ತದೆ. ಉಣ್ಣುವ ಎಲೆ, ಬೇಯುವ ಅಕ್ಕಿ, ಉರಿಯುವ ಸೌದೆ, ಇವೆಲ್ಲಕ್ಕೂ ಮುಂಗಡ ಎಣಿಕೆಯುಂಟು. ಅಧಿಕಾರ ಹಸ್ತಾಂತರದ ವೇಳೆ ಅಕ್ಷಯಪಾತ್ರೆಯೊಡನೆ ಸಟ್ಟುಗವನ್ನೂ ಒಪ್ಪಿಸುತ್ತಾರೆ. ಪಾತ್ರೆ ಸಮೃದ್ಧಿಯ ಗುರುತಾದರೆ, ಸಟ್ಟುಗವನ್ನು ಅಳತೆಯ ಗುರುತೆಂದು ಭಾವಿಸಬಹುದು.

ಅನ್ನವನ್ನು ನಿಂದಿಸಬಾರದು, ತಿರಸ್ಕರಿಸಬಾರದು ಎಂಬುದು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯ ಉಪದೇಶ. ಹೊತ್ತು ಮೀರಿದ ಆಹಾರವನ್ನೂ ಎಂಜಲನ್ನೂ ಗೀತೆಯ ಹದಿನೇಳನೆಯ ಅಧ್ಯಾಯವು ತಾಮಸವೆಂದು ಎಣಿಸಿದೆ. ಹೀಗಾಗಿ ಮಡಿಯ ಮನೆಗಳಲ್ಲಿ ತಂಗಳಿಗೆ ಅವಕಾಶವಿಲ್ಲ. ಮಡಿಯಿಂದಲೇ ಅನ್ನ ಹಾಳಾಗುತ್ತದೆಯೆಂದು ಆಕ್ಷೇಪಿಸುವವರುಂಟು. ಅಳತೆಯಿಲ್ಲದೆ ಬೇಯಿಸಿದಲ್ಲಿ ಆ ಆಕ್ಷೇಪ ನಿಜವೇ. ಆದರೆ ಉಳಿದುದನ್ನು ಇಟ್ಟುಕೊಳ್ಳಲಾಗದವನು ಒಲೆ ಹೊತ್ತಿಸುವ ಮೊದಲೇ ಎಣಿಸಬೇಕಾಗುತ್ತದೆ. ತಂಗಳನ್ನು ಬಿಟ್ಟು ಎಣಿಕೆಯನ್ನೂ ಬಿಟ್ಟರೆ ಆಚಾರದ ಅರ್ಧಭಾಗವಷ್ಟೇ ಉಳಿದಂತಾಯಿತು.

ಮುಂಬಯಿಗೆ ಬಂದ ಕನ್ನಡಿಗರಿಗೆ ಈ ಪಾಠವನ್ನು ಕಾಲವೂ ಕಲಿಸಿತು. ಬಂಗಾಳವು ಭೀಕರ ಕ್ಷಾಮದಲ್ಲಿ ತತ್ತರಿಸಿದ 1943ರಲ್ಲಿಯೇ ಮುಂಬಯಿಯಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದಿತು. 1944ರ ಏಪ್ರಿಲ್ 14ರಂದು ಬಂದರಿನಲ್ಲಿ ಸಂಭವಿಸಿದ ಮಹಾಸ್ಫೋಟದಲ್ಲಿ ಅಪಾರ ಧಾನ್ಯ ಭಸ್ಮವಾಯಿತು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟವನ್ನು ಬಿಡುವಂತೆ ದೇಶಕ್ಕೆ ಕರೆಯಿತ್ತಾಗ ಅನೇಕ ಹೋಟೆಲುಗಳು ಅಂದು ಸಂಜೆ ಬಾಗಿಲು ಹಾಕಿದವು. ಏಕಾದಶಿಯನ್ನು ಆಚರಿಸುವ ಕುಟುಂಬಗಳಿಗೆ ಉಪವಾಸ ಹೊಸದಲ್ಲ. ಉಳಿಸಿದ ತುತ್ತು ಮತ್ತೊಬ್ಬರ ಎಲೆಗೆ ಸಲ್ಲಬೇಕೆಂಬ ಭಾವ ಅದಕ್ಕೆ ಹೊಸ ಅರ್ಥ ಕೊಟ್ಟಿತು. 1972ರ ಬರಗಾಲದಲ್ಲಿ ಮಹಾರಾಷ್ಟ್ರದ ಹಳ್ಳಿಗಳು ಪಟ್ಟ ಪಾಡನ್ನು ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಅಭಾವ ಕಳೆದು ಸಮೃದ್ಧಿ ಬಂದಾಗ ಎಣಿಕೆ ಸಡಿಲಾಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ಮನೆಗಳದೇ. ಹೀಗೆ ಎಸೆದುದು ಎಲ್ಲಿ ಸೇರುತ್ತದೆಂಬುದನ್ನು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಕಲ್ಯಾಣದ ಆಧಾರವಾಡಿಯ ಕಸದ ಗುಡ್ಡವನ್ನು ದಶಕಗಳ ಕಾಲ ಕಂಡವರು ನಾವು. ಅಲ್ಲಿ ಕಸ ಸುರಿಯುವುದು ನಿಂತದ್ದು 2021ರಲ್ಲಿ. ಗಾಳಿಯಾಡದ ರಾಶಿಯಲ್ಲಿ ಕೊಳೆತ ಅನ್ನ ಮೀಥೇನ್ ಅನಿಲವಾಗಿ ಬೆಂಕಿಗೂ ತಾಪಮಾನದ ಏರಿಕೆಗೂ ಕಾರಣವಾಗುತ್ತದೆ.

ಪರಿಹಾರಗಳು ಪರಂಪರೆಯಲ್ಲಿಯೇ ಇವೆ. ಆರಾಧನೆಗೆ ಬರುವವರು ಮುನ್ನಾದಿನವೇ ಸಂಖ್ಯೆಯನ್ನು ತಿಳಿಸಿದರೆ ಅಡಿಗೆಯವರು ಅಕ್ಕಿಯನ್ನು ಅಂದಾಜಿಸಬಲ್ಲರು. ಡೊಂಬಿವಲಿಯಿಂದಲೋ ನವಿಮುಂಬಯಿಯಿಂದಲೋ ಬರುವವರು ರೈಲು ತಪ್ಪಿ ಬಾರದಿದ್ದರೂ ಅವರಿಗಾಗಿ ಬೆಂದ ಅನ್ನ ಬೆಂದೇ ಇರುತ್ತದೆ. ಒಂದು ದೂರವಾಣಿ ಕರೆ ಅದನ್ನು ಉಳಿಸೀತು. ಮೊದಲ ಸುತ್ತಿನಲ್ಲಿ ಸ್ವಲ್ಪ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸುವುದು ಪಂಕ್ತಿಯ ಮರ್ಯಾದೆಗೆ ಕುಂದಲ್ಲ. ಭಕ್ಷ್ಯಗಳ ಸಂಖ್ಯೆಯಿಂದ ಭಕ್ತಿಯನ್ನು ಅಳೆಯಬೇಕಾಗಿಲ್ಲ. ಎಲೆಗೆ ಬಾರದೆ ಉಳಿದುದನ್ನು ಬಿಸಿಯಿರುವಾಗಲೇ, ಆ ಹೊತ್ತಿನಲ್ಲಿಯೇ ಹಸಿದವರಿಗೆ ತಲುಪಿಸಬೇಕು. ಎಂಜಲಾದುದು ಯಾರಿಗೂ ಸಲ್ಲದು. ಬಾಳೆಯೆಲೆ, ತರಕಾರಿ ಸಿಪ್ಪೆಗಳು ಗೊಬ್ಬರವಾಗಿ ತುಳಸಿಯ ಬುಡ ಸೇರಲಿ.

ಮಕ್ಕಳು ಎಲೆಯಲ್ಲಿ ಬಿಟ್ಟು ಏಳುವ ಅಭ್ಯಾಸವನ್ನು ತಿದ್ದುವುದು ಹಿರಿಯರ ಕರ್ತವ್ಯ. ಅದಕ್ಕೆ ಗದರಿಕೆ ಬೇಡ. ಎಷ್ಟು ಬೇಕೆಂದು ಕೇಳಿ ಬಡಿಸಿದರೆ ಸಾಕು. ದೇವರಿಗೆ ನಿವೇದಿಸಿದ ಅನ್ನ ಕಸದ ಬುಟ್ಟಿಗೆ ಬೀಳದಂತೆ ಕಾಯುವುದೂ ಪೂಜೆಯ ಅಂಗವೇ ಸರಿ.

॥ ಶ್ರೀಕೃಷ್ಣಾರ್ಪಣಮಸ್ತು ॥