ಅಜ್ಜ-ಅಜ್ಜಿಯರ ತೆರಿಗೆ ಲೆಕ್ಕ

ಅಮೆರಿಕದ ತೆರಿಗೆ ಫಾರಂ ತುಂಬುವುದೆಂದರೆ ಓದಿದವರಿಗೂ ತಲೆನೋವು. ಇನ್ನು ಪಿಂಚಣಿ ನೆಚ್ಚಿಕೊಂಡ ವಯಸ್ಸಾದವರ ಪಾಡು? ದುಡ್ಡು ಕೊಟ್ಟು ಮಾಡಿಸಬೇಕು, ಇಲ್ಲವೇ ವಾಪಸು ಬರಬೇಕಾದ ಹಣದ ಆಸೆ ಬಿಡಬೇಕು.

1968ರಲ್ಲಿ ನಿವೃತ್ತರ ಸಂಘ ಎಎಆರ್‌ಪಿ ನಾಲ್ಕೇ ಸ್ವಯಂಸೇವಕರೊಂದಿಗೆ ಪುಕ್ಕಟೆ ನೆರವು ಶುರುಮಾಡಿತು. ಹತ್ತು ವರ್ಷದ ನಂತರ, 1978ರ ಕಂದಾಯ ಕಾಯ್ದೆಯಲ್ಲಿ ಸರ್ಕಾರವೇ ಇಂಥ ಸಂಸ್ಥೆಗಳಿಗೆ ಅನುದಾನದ ದಾರಿ ತೆರೆಯಿತು. 60 ತುಂಬಿದವರಿಗೆ ಕಾಸಿಲ್ಲದೆ ಸಹಾಯ.

ನನಗೆ ಹಿಡಿಸಿದ್ದು ಇದರ ಏರ್ಪಾಡು. ಸ್ವಯಂಸೇವಕರಿಗೆ ಸಂಬಳವಿಲ್ಲ, ಓಡಾಟ-ಊಟದಂಥ ಕೈಖರ್ಚು ಮಾತ್ರ. ಹಾಗೆ ಕೂತು ಲೆಕ್ಕ ಬರೆದುಕೊಡುವವರಲ್ಲಿ ಬಹಳಷ್ಟು ಮಂದಿ ತಾವೂ ನಿವೃತ್ತರೇ! ತೆರಿಗೆ ವಸೂಲಿ ಮಾಡುವ ಇಲಾಖೆಯೇ, ಜನ ಹೆಚ್ಚಿಗೆ ಕಟ್ಟಿ ಮೋಸಹೋಗದಿರಲಿ ಎಂದು ದುಡ್ಡು ಕೊಡುತ್ತದಲ್ಲ...

ತೆರಿಗೆ ಕಟ್ಟುವುದು ನಮ್ಮ ಕರ್ತವ್ಯವಾದರೆ, ಅದನ್ನು ಅರ್ಥಮಾಡಿಸುವುದು ಸರ್ಕಾರದ ಕರ್ತವ್ಯ ತಾನೇ? ನೀವೇನಂತೀರಿ?